ಬಾಗಿಲೊಳಗಿನ ನೀರು, ಉಗುರಿನಗಲದ ಕ್ಲಿಪ್ಪು

*ಹಳೆಯ ಅಂಬಾಸಿಡರ್, ಫಿಯಟ್ ಕಾರುಗಳ ಆಯುಷ್ಯ ಎಂಜಿನ್‌ನಲ್ಲಿ ಮಾತ್ರ ಇಲ್ಲ. ಕಿಟಕಿ ಪಟ್ಟಿಯನ್ನು ಹಿಡಿದಿಡುವ ಸಣ್ಣ ಸ್ಪ್ರಿಂಗಿನಲ್ಲೂ ಇದೆ.*

ರೋಹಿಣಿ ಮಳೆ ಒಂದು ತಾಸು ಹೊಡೆದು ನಿಂತಿದೆ. ಹುನಗುಂದದ ಓಣಿಯಲ್ಲಿ ಬೇವಿನ ಗಿಡದ ಕೆಳಗೆ ನಿಂತ ಬಿಳಿ ಅಂಬಾಸಿಡರ್ ಮೈಗೆಲ್ಲ ಎಲೆ ಅಂಟಿವೆ. ಯಜಮಾನರು ಕಾರು ತೆಗೆದು ಬಸ್ ನಿಲ್ದಾಣದ ಕಡೆ ಹೊರಡುತ್ತಾರೆ. ಟಂಟಂ ಒಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದರೆ ಎಡಬಾಗಿಲಿನೊಳಗೆ ಗುಳುಗುಳು ಸದ್ದು. ತಿರುವಿನಲ್ಲಿ ಮತ್ತೊಮ್ಮೆ ಅದೇ. ಇಳಿದು ನೋಡಿದರೆ ಕಾಲಡಿಯ ಮ್ಯಾಟು ತೊಯ್ದಿದೆ. ರಾತ್ರಿಯಿಂದ ಗ್ಲಾಸು ಪೂರ್ತಿ ಏರಿಸಿಯೇ ಇತ್ತು. ಹಾಗಾದರೆ ನೀರು ಎಲ್ಲಿಂದ ಬಂತು?

ಬಾಗಲಕೋಟೆ, ಬಾದಾಮಿ, ಇಳಕಲ್ ಸೀಮೆಯ ಗ್ಯಾರೇಜುಗಳಿಗೆ ಮಳೆಗಾಲದಲ್ಲಿ ಬರುವ ಹಳೆಯ ಕಾರುಗಳ ಜತೆ ಈ ಪ್ರಶ್ನೆಯೂ ಬರುತ್ತದೆ. ಗ್ಲಾಸು ಒಡೆದಿಲ್ಲ, ಚಾವಣಿ ಸೋರಿಲ್ಲ, ಬಾಗಿಲು ಸರಿಯಾಗಿಯೇ ಮುಚ್ಚುತ್ತದೆ. ತಪ್ಪು ಇರುವುದು ಗ್ಲಾಸಿನ ಬುಡದಲ್ಲಿ ಹೊರಗೆ ಕಾಣುವ ಪಟ್ಟಿಯಲ್ಲಿ; ಅದಕ್ಕಿಂತ ಹೆಚ್ಚಾಗಿ, ಆ ಪಟ್ಟಿಯನ್ನು ಬಾಗಿಲಿನ ತಗಡಿಗೆ ಬಿಗಿದಿಟ್ಟ, ಕಣ್ಣಿಗೆ ಕಾಣದ ಕ್ಲಿಪ್ಪುಗಳಲ್ಲಿ.

ಕಾರ್ಖಾನೆ ಮುಚ್ಚಿತು, ಕಾರು ಉಳಿಯಿತು

ನಮ್ಮ ಕಡೆ ಹಳೆಯ ಕಾರು ಎಂದರೆ ಬಹುಮಟ್ಟಿಗೆ ಎರಡೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿಯನ್ನು ಆಧರಿಸಿ, 1950ರ ದಶಕದ ಕೊನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಬಂಗಾಳದ ಉತ್ತರಪಾಡಾದಲ್ಲಿ ಕಟ್ಟಲು ಶುರುಮಾಡಿದ ಅಂಬಾಸಿಡರ್ ಒಂದು. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ 1964ರಿಂದ ತಯಾರಿಸಿದ, 1970ರ ದಶಕದಲ್ಲಿ ‘ಪದ್ಮಿನಿ’ ಎಂದು ಹೆಸರು ಬದಲಾದರೂ ಜನರ ಬಾಯಲ್ಲಿ ‘ಫಿಯಟ್’ ಆಗಿಯೇ ಉಳಿದ ಕಾರು ಇನ್ನೊಂದು.

ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬಂದವರನ್ನು ಸುತ್ತಾಡಿಸುವ ಕೆಲಸವನ್ನೂ ಈಗ ಬೇರೆ ಗಾಡಿಗಳು ವಹಿಸಿಕೊಂಡಿವೆ.

ಆದರೂ ಮದುವೆಯ ಮೆರವಣಿಗೆಗೆಂದು, ಅಪ್ಪನ ನೆನಪಿಗೆಂದು, ಹಟಕ್ಕೆಂದು ಉಳಿಸಿಕೊಂಡ ಕಾರುಗಳಿವೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಇಂಥ ಹಳೆಯ ಕಾರುಗಳು ಸೂರಿನಡಿ ನಿಂತಿವೆ. ನಮ್ಮ ಓಣಿಗಳ ಕಾರಿಗೆ ಆ ಭಾಗ್ಯವಿಲ್ಲ. ಬಿಸಿಲು, ಧೂಳು, ಮಳೆ ಮೂರನ್ನೂ ಮೈಮೇಲೆಯೇ ತೆಗೆದುಕೊಳ್ಳಬೇಕು. ಆಗ ಮೊದಲು ಸೋಲುವುದು ಕಿಟಕಿಯ ಅಂಚು.

ಗ್ಲಾಸಿನ ಸುತ್ತ ಏನೇನಿದೆ

ಕಾರಿನ ಬಾಗಿಲು ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು ತಗಡು; ನಡುವೆ ಪೊಳ್ಳು. ಹಿಡಿಕೆ ತಿರುವಿದಾಗ ಗ್ಲಾಸು ಈ ಪೊಳ್ಳಿನೊಳಗೆ ಇಳಿಯುತ್ತದೆ. ಅದು ಇಳಿಯಲು ಬಾಗಿಲಿನ ಸೊಂಟದಲ್ಲಿ ಉದ್ದಕ್ಕೂ ಒಂದು ಸೀಳು ಬಿಟ್ಟಿರುತ್ತಾರೆ.

ಆ ಸೀಳಿನ ಹೊರತುಟಿಗೆ ರಬ್ಬರ್ ಪಟ್ಟಿ, ಒಳತುಟಿಗೆ ಮೆತ್ತನೆಯ ಫೆಲ್ಟ್ ಪಟ್ಟಿ. ಗ್ಲಾಸು ಇವೆರಡರ ನಡುವೆ ಒರೆಸಿಕೊಂಡು ಏರಿಳಿಯುತ್ತದೆ. ಕೆಲವು ಮಾದರಿಗಳಲ್ಲಿ ರಬ್ಬರಿನ ಮೇಲೆ ಹೊಳೆಯುವ ಲೋಹದ ಪಟ್ಟಿಯೂ ಇರುತ್ತದೆ. ಗ್ಯಾರೇಜಿನಲ್ಲಿ ಇದೆಲ್ಲಕ್ಕೂ ಸೇರಿ ಒಂದೇ ಹೆಸರು: ಬೀಡಿಂಗ್.

ಬೀಡಿಂಗನ್ನು ತಗಡಿಗೆ ಹಿಡಿದಿಡುವುದು ಸ್ಪ್ರಿಂಗ್ ಸ್ಟೀಲಿನ ಸಣ್ಣ ಕ್ಲಿಪ್ಪು. ಅದರ ಒಂದು ಕಾಲು ಪಟ್ಟಿಯೊಳಗೆ ಕಚ್ಚಿಕೊಂಡರೆ ಇನ್ನೊಂದು ತಗಡಿನ ಅಂಚನ್ನೋ ಅದರಲ್ಲಿ ಕೊರೆದ ತೂತನ್ನೋ ಹಿಡಿಯುತ್ತದೆ. ಬಾಗಿಲಿನ ಹೊರಮೈಯಲ್ಲಿ ಓಡುವ ಅಲಂಕಾರದ ಪಟ್ಟಿಗಳು ನಿಂತಿರುವುದೂ ಇಂಥ ಕ್ಲಿಪ್ಪುಗಳ ಮೇಲೆ. ಮುಂದಿನ, ಹಿಂದಿನ ದೊಡ್ಡ ಗ್ಲಾಸುಗಳ ಲೆಕ್ಕ ಬೇರೆ. ಅಲ್ಲಿ ದಪ್ಪ ರಬ್ಬರೇ ಗ್ಲಾಸನ್ನೂ ತಗಡನ್ನೂ ಕಚ್ಚಿಕೊಂಡಿರುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸೆಳೆ ಬೇರೆ, ಸೆರಗಿನ ಹಾಸೆಳೆ ಬೇರೆ. ಎರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಜೋಡಿಸುವ ಕೊಂಡಿ ಉಟ್ಟವರ ಕಣ್ಣಿಗೆ ಬೀಳುವುದಿಲ್ಲ. ಕ್ಲಿಪ್ಪಿನ ಕೆಲಸವೂ ಅಷ್ಟೇ. ಬಿಟ್ಟಾಗಲೇ ಅದು ಇತ್ತೆಂದು ತಿಳಿಯುವುದು.

ನೀರು ಒಳಗೆ ಬರುವುದೇ ಲೆಕ್ಕಾಚಾರ

ಬಾಗಿಲಿನ ಪೊಳ್ಳಿಗೆ ಒಂದಿಷ್ಟು ನೀರು ಇಳಿಯುತ್ತದೆ ಎಂಬುದನ್ನು ಕಾರು ಕಟ್ಟಿದವರೇ ಒಪ್ಪಿಕೊಂಡಿದ್ದಾರೆ. ಇದು ಅನೇಕರಿಗೆ ಗೊತ್ತಿಲ್ಲ. ಏರಿಳಿಯುವ ಗ್ಲಾಸಿಗೆ ಹನಿ ನೀರೂ ನುಸುಳದಂತೆ ಪಟ್ಟಿ ಬಿಗಿದರೆ ಗ್ಲಾಸು ಅಲುಗುವುದೇ ಇಲ್ಲ. ಹಾಗಾಗಿ ಹೊರಪಟ್ಟಿ ಹೆಚ್ಚಿನ ನೀರನ್ನು ಒರೆಸಿ ಹೊರಗೇ ಹರಿಸುತ್ತದೆ. ತಪ್ಪಿಸಿಕೊಂಡ ಹನಿಗಳು ಗ್ಲಾಸಿನಗುಂಟ ಜಾರಿ ಬಾಗಿಲಿನ ತಳ ಸೇರುತ್ತವೆ; ಅಲ್ಲಿ ಕೊರೆದ ಸಣ್ಣ ತೂತುಗಳಿಂದ ನೆಲಕ್ಕೆ ಬೀಳುತ್ತವೆ.

ಒಳಗೂ ಒಂದು ಕಾವಲಿದೆ. ಬಾಗಿಲಿನ ಒಳರಟ್ಟಿನ ಹಿಂದೆ ಪ್ಲಾಸ್ಟಿಕ್ ಹಾಳೆಯಂಥದೊಂದು ಪರದೆ ಇರಬೇಕು. ಪೊಳ್ಳಿನೊಳಗೆ ಸಿಡಿದ ಹನಿಗಳನ್ನು ತಡೆದು ಮತ್ತೆ ತಳಕ್ಕೆ ಇಳಿಸುವುದು ಅದರ ಕೆಲಸ. ಗ್ಲಾಸಿನ ಹಿಡಿಕೆಯನ್ನೋ ಕೀಲಿಯನ್ನೋ ದುರಸ್ತಿ ಮಾಡುವಾಗ ಈ ಹಾಳೆ ಹರಿದುಹೋಗುತ್ತದೆ, ಅದನ್ನು ಮತ್ತೆ ಅಂಟಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮ್ಯಾಟು ತೊಯ್ಯುವ ಕಾರಣಗಳಲ್ಲಿ ಇದು ದೊಡ್ಡದು.

ಅಂದರೆ ಮೂರು ಕಾವಲುಗಳು: ಮೇಲಿನ ಪಟ್ಟಿ, ಒಳಗಿನ ಹಾಳೆ, ತಳದ ತೂತು. ಕ್ಲಿಪ್ಪು ಸಡಿಲಾದರೆ ಪಟ್ಟಿ ಗ್ಲಾಸಿನಿಂದ ದೂರ ಸರಿಯುತ್ತದೆ. ಹನಿಹನಿಯಾಗಿ ಇಳಿಯಬೇಕಾದ ನೀರು ಧಾರೆಯಾಗಿ ಇಳಿಯುತ್ತದೆ, ಜತೆಗೆ ಧೂಳನ್ನೂ ಎಳೆದು ತರುತ್ತದೆ. ಆ ಧೂಳು ತೂತು ಮುಚ್ಚುತ್ತದೆ. ಮೊದಲ ಕಾವಲು ಬಿದ್ದರೆ ಕೊನೆಯದೂ ಬೀಳುತ್ತದೆ.

ಎರಿಯ ಕಾಟ ಬೇರೆ, ಮಸಾರಿಯ ಕಾಟ ಬೇರೆ

ಬಾಗಲಕೋಟೆ ಜಿಲ್ಲೆಯಲ್ಲಿ ಧೂಳು ಎಂದರೆ ಒಂದೇ ಬಗೆಯದಲ್ಲ. ಹುನಗುಂದದ ಸುತ್ತ ಎರಿ ಭೂಮಿ. ಎರೆಮಣ್ಣು ತೊಯ್ದರೆ ಉಬ್ಬುತ್ತದೆ, ಒಣಗಿದರೆ ಗಟ್ಟಿಯಾಗಿ ಕೂರುತ್ತದೆ. ಇದೇ ಗುಣದಿಂದ ಹಿಂಗಾರಿ ಜೋಳಕ್ಕೆ ತೇವ ಉಳಿಯುತ್ತದೆ. ಇದೇ ಗುಣದಿಂದ ಬಾಗಿಲಿನ ತಳದ ತೂತೂ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಸೇರಿದ ಪುಡಿ ಮೊದಲ ಮಳೆಗೆ ಕೆಸರಾಗಿ, ಒಂದು ಬಿಸಿಲಿಗೆ ಬಿರಡೆಯಾಗುತ್ತದೆ. ಮುಂದಿನ ಮಳೆಯ ನೀರಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಬಾದಾಮಿಯ ಕಡೆ ಕೆಂಪು ಮಸಾರಿ ನೆಲ; ಅಲ್ಲಿ ಕತೆ ಬೇರೆ. ಅಲ್ಲಿನ ಕೆಂಪು ಬೆಟ್ಟಗಳು ಮರಳುಗಲ್ಲಿನವು. ಸವೆದು ಗಾಳಿಗೆ ಹಾರುವ ಪುಡಿಯಲ್ಲಿ ಸ್ಫಟಿಕದ ಹರಳು ತುಂಬಿರುತ್ತದೆ. ಈ ಮರಳು ತೂತಿನಲ್ಲಿ ಅಷ್ಟು ಸುಲಭವಾಗಿ ಕಟ್ಟಿಕೊಳ್ಳುವುದಿಲ್ಲ, ನೀರಿನೊಡನೆ ಹೊರಬೀಳುತ್ತದೆ. ಆದರೆ ಸ್ಫಟಿಕ ಗಾಜಿಗಿಂತ ಗಡಸು. ಸಡಿಲಾದ ಪಟ್ಟಿಯ ಸಂದಿನಲ್ಲಿ, ಫೆಲ್ಟಿನ ಕೂದಲಲ್ಲಿ ಒಂದು ಹರಳು ಸಿಕ್ಕಿಬಿದ್ದರೆ ಗ್ಲಾಸು ಏರಿಳಿದಂತೆಲ್ಲ ಮೇಲಿಂದ ಕೆಳಗೆ ಗೆರೆ ಬೀಳುತ್ತದೆ. ಹಳೆಯ ಕಾರಿನ ಪಕ್ಕದ ಗ್ಲಾಸಿನಲ್ಲಿ ಸೂರ್ಯನಿಗೆ ಎದುರಾಗಿ ನೋಡಿದಾಗ ಕಾಣುವ ಉದ್ದುದ್ದ ಗೀರುಗಳು ಹೀಗೆ ಬಂದವು.

ಇಳಕಲ್ಲಿನಲ್ಲಿ ಗ್ರಾನೈಟ್ ಕೊರೆದು ಪಾಲಿಶ್ ಮಾಡುವಾಗ ಏಳುವ ಪುಡಿಯಲ್ಲೂ ಸ್ಫಟಿಕವಿದೆ. ನಯವಾಗಿರುವುದರಿಂದ ಸಣ್ಣ ಸಂದಿಗೂ ನುಗ್ಗುತ್ತದೆ. ಹೀಗಾಗಿ ಹುನಗುಂದದ ಕಾರಿನಲ್ಲಿ ಮೊದಲು ತಳದ ತೂತು ನೋಡಬೇಕು. ಬಾದಾಮಿ, ಇಳಕಲ್ ಕಾರಿನಲ್ಲಿ ಮೊದಲು ಫೆಲ್ಟ್ ನೋಡಬೇಕು.

ನೀರು ನಿಂತ ಬಾಗಿಲಿಗೆ ಜಂಗು ಹಿಡಿಯುವುದು ಒಳಗಿನಿಂದ, ಎರಡು ತಗಡು ಮಡಚಿ ಕೂಡುವ ತಳದ ಅಂಚಿನಲ್ಲಿ. ಹೊರಗೆ ಬಣ್ಣದ ಮೇಲೆ ಬೊಕ್ಕೆ ಎದ್ದಾಗ ಒಳಗಿನ ತಗಡು ಆಗಲೇ ತೂತಾಗಿರುತ್ತದೆ. ಆಮೇಲಿನದು ಟಿಂಕರಿಂಗ್, ವೆಲ್ಡಿಂಗ್, ಪೇಂಟಿಂಗ್ ಎಂದು ಬೆಳೆಯುವ ಪಟ್ಟಿ. ಕ್ಲಿಪ್ಪಿನ ಬೆಲೆಗೂ ಆ ಖರ್ಚಿಗೂ ಹೋಲಿಕೆಯೇ ಇಲ್ಲ.

ಕ್ಲಿಪ್ಪು ಯಾಕೆ ಬಿಡುತ್ತದೆ

ಸ್ಪ್ರಿಂಗ್ ಸ್ಟೀಲು ಒಂದು ಮಿತಿಯವರೆಗೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಮಿತಿ ದಾಟಿಸಿದರೆ ಬಾಗಿದಂತೆಯೇ ಉಳಿಯುತ್ತದೆ. ಪಟ್ಟಿಯನ್ನು ಒರಟಾಗಿ ಕಿತ್ತು ಅದೇ ಕ್ಲಿಪ್ಪನ್ನು ಮತ್ತೆ ಹಾಕಿದರೆ ಹಿಡಿತ ಅರ್ಧ ಹೋಗಿರುತ್ತದೆ. ಇದರ ಮೇಲೆ ರಸ್ತೆಯ ಕುಲುಕು, ಬಾಗಿಲು ಬಡಿಯುವ ಹೊಡೆತ, ತೇವ ಮತ್ತು ಜಂಗು.

ರಬ್ಬರೂ ತನ್ನ ಪಾಲು ಕೊಡುತ್ತದೆ. ನಲವತ್ತು ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ರಬ್ಬರ್ ಒಣಗಿ, ಬಿರಿದು, ಉದ್ದದಲ್ಲಿ ಕುಗ್ಗುತ್ತದೆ. ಕುಗ್ಗಿದ ರಬ್ಬರು ತುದಿಯ ಕ್ಲಿಪ್ಪುಗಳನ್ನು ಎಳೆಯುತ್ತದೆ. ಬೀಡಿಂಗ್ ಮೊದಲು ಏಳುವುದು ಮೂಲೆಯಲ್ಲಿ ಎಂಬುದಕ್ಕೆ ಇದೇ ಕಾರಣ.

ಮೂರನೆಯದು ಎರಡು ಲೋಹಗಳ ಜಗಳ. ಹೊಳೆಯುವ ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದು, ಕ್ಲಿಪ್ಪಾಗಲಿ ಬಾಗಿಲಾಗಲಿ ಸಾದಾ ಉಕ್ಕಿನದಾಗಿದ್ದರೆ, ನಡುವೆ ನೀರು ನಿಂತಾಗ ಸವೆಯುವುದು ಸಾದಾ ಉಕ್ಕು. ಕ್ಲಿಪ್ಪಿನ ಕಾಲು ಬಣ್ಣ ಗೀರಿ ತಗಡು ತೆರೆದುಕೊಂಡ ಜಾಗದಲ್ಲಿ ಜಂಗು ಶುರುವಾಗುತ್ತದೆ. ಪಟ್ಟಿ ಮಿಂಚುತ್ತಲೇ ಇರುತ್ತದೆ, ಅದರ ಬೆನ್ನಿಗಿರುವ ತಗಡು ಉದುರುತ್ತಿರುತ್ತದೆ.

ಬಿಚ್ಚುವುದರಲ್ಲೇ ಅರ್ಧ ಕೆಲಸ

ಹೊಸ ಕ್ಲಿಪ್ಪು ಹಾಕುವುದು ಸುಲಭ; ಹಳೆಯ ಪಟ್ಟಿಯನ್ನು ಹಾಳು ಮಾಡದೆ ಬಿಚ್ಚುವುದು ಕಷ್ಟ. ಲೋಹದ ಪಟ್ಟಿ ಒಮ್ಮೆ ಮುರಿದಂತೆ ಬಾಗಿದರೆ ಆ ಗುರುತು ಎಷ್ಟು ತಟ್ಟಿದರೂ ಪೂರ್ತಿ ಹೋಗುವುದಿಲ್ಲ. ಹೊಸ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆಯೂ ಇಲ್ಲ.

ಮೊದಲು ಗ್ಲಾಸು ಪೂರ್ತಿ ಇಳಿಸಬೇಕು. ಪಟ್ಟಿಯ ಕೆಳಗಿನ ಬಣ್ಣದ ಮೇಲೆ ಅಗಲ ಟೇಪು ಅಂಟಿಸಬೇಕು. ಎಬ್ಬಿಸಲು ಸ್ಕ್ರೂಡ್ರೈವರ್ ಬೇಡ. ಚಪ್ಪಟೆ ಪ್ಲಾಸ್ಟಿಕ್ ತುಂಡು ಅಥವಾ ನಯವಾಗಿ ಕೆತ್ತಿದ ಬಿದಿರ ಸೀಳು ಸಾಕು. ಬಿದಿರು ಬಣ್ಣ ಗೀರುವುದಿಲ್ಲ, ಒತ್ತಡ ಹೆಚ್ಚಾದರೆ ತಾನೇ ಮುರಿಯುತ್ತದೆ.

ಒಂದು ತುದಿಯಿಂದ ಶುರುಮಾಡಿ, ಪ್ರತಿ ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ, ಸ್ವಲ್ಪ ಸ್ವಲ್ಪವೇ ಎಬ್ಬಿಸುತ್ತ ಹೋಗಬೇಕು. ಎದ್ದ ತುದಿಯನ್ನು ಹಿಡಿದು ಎಳೆಯಬಾರದು. ಒಂದೊಂದು ಕ್ಲಿಪ್ಪು ಬಂದಂತೆ ಅದರ ಜಾಗವನ್ನು ಟೇಪಿನ ಮೇಲೆ ಗುರುತು ಹಾಕಿಕೊಂಡು, ಕಾರಿನಲ್ಲಿದ್ದ ಕ್ರಮದಲ್ಲೇ ರಟ್ಟಿನ ಮೇಲೆ ಸಾಲಾಗಿ ಇಡಬೇಕು. ಎಲ್ಲವೂ ಒಂದೇ ತರಹ ಕಂಡರೂ ತುದಿಯದು, ನಡುವಿನದು ಬೇರೆ ಇರಬಹುದು.

ಪಟ್ಟಿ ಬಂದ ಮೇಲೆ ತೆರೆದ ತಗಡನ್ನು ಉಜ್ಜಿ, ಜಂಗು ತೆಗೆದು, ಪ್ರೈಮರ್ ಮತ್ತು ಬಣ್ಣ ಹಚ್ಚಬೇಕು. ತೂತಿನ ಒಳ ಅಂಚಿಗೂ ಬಣ್ಣ ಮುಟ್ಟಬೇಕು. ಬಣ್ಣ ಒಣಗುವ ಮೊದಲೇ ಪಟ್ಟಿ ಕೂರಿಸುವ ಅವಸರ ಬೇಡ.

ಹೆಸರು ಹೇಳಿದರೆ ಸಾಲದು, ಅಳತೆ ಬೇಕು

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾದ ಜಾಗ. ಬಿಚ್ಚಿದ ಗಾಡಿಗಳ ಮಾಲಿಗೆ ಶಿವಾಜಿನಗರದ ಗುಜರಿ. ಆದರೆ ಅಂಗಡಿಗೆ ಹೋಗಿ ‘ಅಂಬಾಸಿಡರ್ ಬೀಡಿಂಗ್ ಕ್ಲಿಪ್ ಕೊಡ್ರಿ’ ಎಂದರೆ ಕೆಲಸವಾಗುವುದಿಲ್ಲ. ಐದು ದಶಕಕ್ಕೂ ಹೆಚ್ಚು ಕಾಲ ತಯಾರಾದ ಕಾರಿನಲ್ಲಿ ಮಾದರಿ ಬದಲಾದಂತೆ ಪಟ್ಟಿಯೂ ಬದಲಾಗಿದೆ. ನಡುವೆ ಯಾರೋ ಬೇರೆ ಪಟ್ಟಿ ಹಾಕಿರಲೂಬಹುದು.

ಬೇಕಾದ್ದು ಮೂರು ಅಳತೆ: ಪಟ್ಟಿಯ ಒಳಗಿನ ಅಗಲ, ತಗಡಿನ ತೂತಿನ ಅಗಲ, ಕ್ಲಿಪ್ಪು ಕಚ್ಚಬೇಕಾದ ತಗಡಿನ ದಪ್ಪ. ವರ್ನಿಯರ್ ಕ್ಯಾಲಿಪರಿನಿಂದ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಂಡರೆ ಕಾರಿನ ಹೆಸರೇ ಬೇಡ. ಬೇರೆ ಯಾವುದೋ ಗಾಡಿಗೆಂದು ಮಾಡಿದ ಕ್ಲಿಪ್ಪು ಇದಕ್ಕೂ ಕೂರಬಹುದು. ಅಳತೆಯ ಜತೆ ಒಂದು ಹಳೆಯ ಕ್ಲಿಪ್ಪನ್ನೂ ಕಿಸೆಯಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಸಿಗದಿದ್ದರೆ ತೆಳುವಾದ ಸ್ಪ್ರಿಂಗ್ ಸ್ಟೀಲ್ ಪಟ್ಟಿಯಿಂದ ಮಾಡಿಕೊಳ್ಳಬಹುದು. ಆದರೆ ಬೆಂಕಿ ತೋರಿಸಬಾರದು. ಕಾಯಿಸಿದರೆ ಸ್ಪ್ರಿಂಗಿನ ಗುಣ ಹೋಗುತ್ತದೆ. ತಣ್ಣಗಿರುವಾಗಲೇ ಪಕ್ಕಡದಿಂದ ನಿಧಾನಕ್ಕೆ ಬಾಗಿಸಿ, ಅಂಚುಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಬೇಕು. ಜಂಗು ಹಿಡಿದ ಹಳೆಯ ಕ್ಲಿಪ್ಪನ್ನು ಆ್ಯಸಿಡ್‌ನಲ್ಲಿ ಅದ್ದಿ ತೊಳೆಯುವುದೂ ಅಪಾಯ. ಆ್ಯಸಿಡ್ ತಾಗಿದಾಗ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ನೋಡಲು ಹೊಸದರಂತಾದ ಕ್ಲಿಪ್ಪು ಒತ್ತಿದೊಡನೆ ಟಕ್ಕೆಂದು ಮುರಿಯಬಹುದು.

ಇನ್ನೊಂದು ಮಾತು: ಒಂದು ಪಟ್ಟಿಯಲ್ಲಿ ಮುರಿದವನ್ನಷ್ಟೇ ಬದಲಿಸುವ ಉಳಿತಾಯ ಬೇಡ. ಹೊಸ ಕ್ಲಿಪ್ಪಿನ ಬಿಗಿತ, ಪಕ್ಕದ ಹಳೆಯದರ ಸಡಿಲ ಸೇರಿ ಪಟ್ಟಿ ಅಂಕುಡೊಂಕಾಗುತ್ತದೆ. ಬದಲಿಸಿದರೆ ಇಡೀ ಸಾಲು ಬದಲಿಸಬೇಕು.

ಕೂರಿಸುವಾಗ

ನೈಲಾನ್ ಕ್ಲಿಪ್ಪುಗಳೂ ಮಾರುಕಟ್ಟೆಯಲ್ಲಿವೆ. ಇವು ಜಂಗು ಹಿಡಿಯುವುದಿಲ್ಲ, ಬಣ್ಣ ಗೀರುವುದೂ ಕಡಿಮೆ. ಆದರೆ ನೈಲಾನಿನ ಮೃದುತ್ವ ಅದು ಹೀರಿಕೊಂಡ ತೇವದಲ್ಲಿದೆ. ನಮ್ಮ ಒಣ ಬೇಸಿಗೆಗೆ ಪೆಡಸಾಗುತ್ತದೆ. ಹಾಕುವ ಮೊದಲು ಬೆಚ್ಚಗಿನ ನೀರಿನಲ್ಲಿ ಕೆಲವು ತಾಸು ನೆನೆಸಿದರೆ ಒತ್ತುವಾಗ ಮುರಿಯುವುದು ಕಡಿಮೆಯಾಗುತ್ತದೆ.

ಹೊಸ ರಬ್ಬರನ್ನು ಕತ್ತರಿಸುವಾಗ ಎಳೆದು ಹಿಡಿದು ಅಳೆಯಬಾರದು. ಎಳೆದು ಕೂರಿಸಿದ ರಬ್ಬರು ಎರಡೇ ಬೇಸಿಗೆಗೆ ಮೂಲೆ ಬಿಟ್ಟುಕೊಡುತ್ತದೆ. ಬೆರಳ ಅಗಲ ಹೆಚ್ಚೇ ಬಿಟ್ಟು, ಕೂರಿಸಿದ ಮೇಲೆ ಸರಿ ಮಾಡುವುದು ಲೇಸು. ಜಾರಲೆಂದು ಸೀಮೆಎಣ್ಣೆ, ಗ್ರೀಸು ಹಚ್ಚುವ ರೂಢಿ ರಬ್ಬರಿಗೆ ಒಳ್ಳೆಯದಲ್ಲ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು.

ಮೊದಲು ಎಲ್ಲ ಕ್ಲಿಪ್ಪುಗಳನ್ನೂ ಅವುಗಳ ಜಾಗಕ್ಕೆ ಹೊಂದಿಸಿ, ಪಟ್ಟಿಯನ್ನು ಮೇಲೆ ಇಟ್ಟು ನೋಡಬೇಕು. ಸರಿ ಕಂಡ ಮೇಲೆ ಒಂದು ತುದಿಯಿಂದ ಅಂಗೈಯಲ್ಲಿ ಒತ್ತುತ್ತ ಹೋಗಬೇಕು. ಕ್ಲಿಪ್ಪು ಕಚ್ಚಿದಾಗ ಸಣ್ಣ ಸದ್ದು ಬರುತ್ತದೆ, ಕೈಗೂ ಗೊತ್ತಾಗುತ್ತದೆ. ಸುತ್ತಿಗೆ ಬೇಕೇಬೇಕೆಂದರೆ ರಬ್ಬರಿನದು.

ಹಳೆಯ ಗ್ಲಾಸಿನ ಸುತ್ತ ಸಿಲಿಕೋನ್ ತುಂಬಿ ಕೆಲಸ ಮುಗಿಸುವುದು ಈಗ ಸುಲಭದ ದಾರಿ. ಟ್ಯೂಬು ಒತ್ತಿದಾಗ ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಹೋದ ತಗಡಿಗೆ ಅದೇ ಜಂಗಿನ ಬೀಜ. ಪಟ್ಟಿಯ ಹಿಂದೆ ನೀರು ಹೊರಹೋಗುವ ದಾರಿಯನ್ನೂ ಅದು ಮುಚ್ಚಿಬಿಡುತ್ತದೆ. ಮುಂದೆ ಯಾರಾದರೂ ಬಿಚ್ಚಲು ಹೋದರೆ ಪಟ್ಟಿಯ ಜತೆ ಬಣ್ಣವೂ ಏಳುತ್ತದೆ.

ಕೊನೆಗೆ ಪರೀಕ್ಷೆ. ಗ್ಲಾಸು ಏರಿಸಿ, ಪೈಪಿನಿಂದ ಮೇಲಿನಿಂದ ನಿಧಾನಕ್ಕೆ ನೀರು ಬಿಡಿ. ಬಾಗಿಲಿನ ತಳದ ತೂತುಗಳಿಂದ ಹನಿ ಬಿದ್ದರೆ ಗಾಬರಿ ಬೇಡ, ಅದು ಆಗಬೇಕಾದ್ದೇ. ಏನೂ ಬೀಳದಿದ್ದರೆ ತಂತಿ ಹಾಕಿ ತೂತು ಬಿಡಿಸಿ. ಒಳರಟ್ಟು ತೊಯ್ದರೆ ಪ್ಲಾಸ್ಟಿಕ್ ಹಾಳೆಯ ಕಡೆ ನೋಡಿ.

ಕಾನೂನಿಗೂ ಮೂಲ ರೂಪವೇ ಬೇಕು

ಇದೆಲ್ಲ ಹವ್ಯಾಸಿಗಳ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿ ತಪಾಸಣೆಗೆ ನಿಲ್ಲಬೇಕು. ಬಾಗಿಲ ತಳ ಉದುರಿದ ಕಾರನ್ನು ಅಲ್ಲಿ ನಿಲ್ಲಿಸಲು ಯಾರಿಗೂ ಮನಸ್ಸಾಗದು.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಟ್ಟಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪ ಉಳಿದಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಂಥ ಗಾಡಿ ಬಳಸುವಂತಿಲ್ಲ. ಮದುವೆಗೆ ಬಾಡಿಗೆ ಬಿಡುವ ಯೋಚನೆ ಇದ್ದವರು ಇದನ್ನು ಮೊದಲೇ ಅಳೆದು ನೋಡಬೇಕು.

1970ರ ದಶಕದ ಅಂಬಾಸಿಡರ್, ಫಿಯಟ್‌ಗಳು ಈಗ ಒಂದೊಂದಾಗಿ ಈ ಗಡಿ ದಾಟುತ್ತಿವೆ. ಜಂಗು ತಿಂದ ಬಾಗಿಲನ್ನು ಕತ್ತರಿಸಿ ಬೇರೆ ತಗಡು ಹೊಲಿದ ಕಾರಿಗಿಂತ, ಹುಟ್ಟಿದಾಗಿನ ಬಾಗಿಲನ್ನೇ ಉಳಿಸಿಕೊಂಡ ಕಾರಿಗೆ ಮೂಲ ರೂಪದ ಮಾತು ಹೆಚ್ಚು ಒಪ್ಪುತ್ತದೆ.

ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಹಾಗಾಗಿ ಅದರ ದುರಸ್ತಿ ತಪ್ಪುವುದಿಲ್ಲ. ಕ್ಲಿಪ್ಪು ಬಿಟ್ಟರೆ ಕಾರು ಓಡುತ್ತಲೇ ಇರುತ್ತದೆ. ಅದಕ್ಕೇ ಈ ಕೆಲಸಕ್ಕೆ ದಿನ ಗೊತ್ತುಮಾಡಿಕೊಳ್ಳಬೇಕು: ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ನಾಲ್ಕೂ ಬಾಗಿಲಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡುವುದು, ತಳದ ತೂತಿಗೆ ತಂತಿ ಹಾಕುವುದು. ಒಮ್ಮೆ ತೆಗೆದ ಮೂರು ಅಳತೆಗಳನ್ನು ಚೀಟಿಯಲ್ಲಿ ಬರೆದು ಆರ್‌ಸಿ ಪುಸ್ತಕದೊಳಗೆ ಇಟ್ಟರೆ, ಮುಂದೆ ಆ ಕಾರು ಯಾರ ಕೈಗೆ ಹೋದರೂ ಅವರು ಅಂಗಡಿಯಲ್ಲಿ ಮೊದಲಿನಿಂದ ಹುಡುಕಬೇಕಾಗಿಲ್ಲ.